ಆ ಎಂಟು ಬಂದದ್ದು ಮಗ್ಗಿಯಿಂದ

1961ರಲ್ಲಿ ಭೌತವಿಜ್ಞಾನಿ ಮರ್ರೆ ಗೆಲ್-ಮನ್ ಪರಮಾಣುವಿಗಿಂತ ಚಿಕ್ಕ ಕಣಗಳನ್ನು ಎಂಟೆಂಟರ ಗುಂಪಾಗಿ ಜೋಡಿಸಿ, ಆ ಜೋಡಣೆಗೆ ಬುದ್ಧನ ಅಷ್ಟಾಂಗ ಮಾರ್ಗದ ಹೆಸರನ್ನು ತಮಾಷೆಗೆಂದು ಇಟ್ಟರು. ಇನ್ನೊಬ್ಬ ಭೌತವಿಜ್ಞಾನಿ ಯುವಲ್ ನೀಮನ್ ಕೂಡ ಅದೇ ಹೊತ್ತಿಗೆ ಸ್ವತಂತ್ರವಾಗಿ ಅಲ್ಲಿಗೇ ತಲುಪಿದ್ದರು. ಅಂದಿನಿಂದ 'ವಿಜ್ಞಾನ ಕೊನೆಗೂ ಪ್ರಾಚೀನ ಜ್ಞಾನಕ್ಕೆ ತಲೆಬಾಗಿತು' ಎನ್ನುವವರ ಸಾಲು ಕರಗಿಲ್ಲ. ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಏಕೆಂದರೆ ಆ ಎಂಟರ ನಿಜವಾದ ಹುಟ್ಟು ಇದಕ್ಕಿಂತ ಎಷ್ಟೋ ಚೆಂದ: ಮೂರು ಮೂರ್ಲ ಒಂಬತ್ತು, ಅದರಲ್ಲಿ ಒಂದು ಕಳೆದರೆ ಎಂಟು.

ಸಮಮಿತಿಯನ್ನು, ಅಂದರೆ ತಿರುಗಿಸಿದರೂ ಬದಲಾಗದಂಥ ಗುಣವನ್ನು, ಲೆಕ್ಕಕ್ಕೆ ಇಳಿಸುವ ಸಾಧನ ಲೀ ಬೀಜಗಣಿತ. ಅದು ತನ್ನನ್ನು ತೋರಿಸಿಕೊಳ್ಳುವ ಬಗೆಗಳಿಗೆ ನಿರೂಪಣೆಗಳು ಎನ್ನೋಣ. ಅತ್ಯಂತ ಸರಳವಾದದ್ದು, ಅಂದರೆ ತಿರುಗುವಿಕೆಯ ಬೀಜಗಣಿತವನ್ನು ತೆಗೆದುಕೊಂಡರೆ, ಒಡೆಯಲಾಗದ ನಿರೂಪಣೆಗಳು ಏಣಿಗಳಿದ್ದಂತೆ. ಒಂದು ಮೆಟ್ಟಿಲಿನದು ಒಂದು, ಎರಡರದು ಒಂದು, ಮೂರರದು ಒಂದು, ಹೀಗೆ. ಮೂರು ಮೆಟ್ಟಿಲಿನ ಏಣಿಯ ಎತ್ತರಗಳು 2, 0, −2.

ಈಗ ಅಂಥ ಎರಡು ಏಣಿಗಳನ್ನು ಗುಣಿಸೋಣ. ಒಂದರ ಪ್ರತಿ ಮೆಟ್ಟಿಲಿಗೆ ಇನ್ನೊಂದರ ಪ್ರತಿ ಮೆಟ್ಟಿಲನ್ನು ಕೂಡಿಸಬೇಕು, ಅಷ್ಟೇ. ಸಿಗುವುದು 4, 2, 2, 0, 0, 0, −2, −2, −4. ನವರಾತ್ರಿ ಮುಗಿದ ಮೇಲೆ ಗೊಂಬೆ ಕೂರಿಸಿದ ಹಲಗೆಗಳೆಲ್ಲ ಒಂದೇ ರಾಶಿಯಾಗಿ ಬಿದ್ದಂತೆ. ಯಾವ ಹಲಗೆ ಯಾವ ಮನೆಯದು? ಅತಿ ಎತ್ತರದ್ದನ್ನು ಹಿಡಿಯಿರಿ. ಏಣಿ ಎರಡೆರಡಾಗಿ ಇಳಿಯುವುದರಿಂದ 4 ಇದೆಯೆಂದರೆ 4, 2, 0, −2, −4 ಇರಲೇಬೇಕು. ಆ ಐದನ್ನು ಎತ್ತಿಡಿ. ಉಳಿದವುಗಳಲ್ಲಿ ದೊಡ್ಡದು 2. ಆ ಮೂರನ್ನೂ ಎತ್ತಿಡಿ. ಕೊನೆಗೆ ಒಂಟಿ 0. ಒಂಬತ್ತು ಅಂದರೆ ಐದು, ಮೂರು, ಒಂದು. ಒಂದು ಹಲಗೆಯೂ ಮಿಕ್ಕಲಿಲ್ಲ.

ಸೆಮಿಸಿಂಪಲ್, ಅಂದರೆ ಒಡೆಯಲಾಗದ ಸರಳ ತುಂಡುಗಳನ್ನು ಜೋಡಿಸಿ ಆದ, ಬೀಜಗಣಿತಗಳಲ್ಲಿ ಹೀಗೆ ಏನೂ ಮಿಕ್ಕದೆ ಒಡೆಯುತ್ತದೆ ಎಂಬುದನ್ನು 1925ರ ಸುಮಾರಿಗೆ ಗಣಿತಜ್ಞ ಹರ್ಮನ್ ವೈಲ್ ಸಾಧಿಸಿದರು. ಹಾಗೆ ಒಡೆದಾಗ ಅತಿ ದೊಡ್ಡ ತುಂಡು ಒಂದೇ ಸಲ ಬರುತ್ತದೆ ಎನ್ನುವುದು ಸುಲಭ. ಅತಿ ಚಿಕ್ಕದೂ ಒಂದೇ ಸಲ ಎಂದು 1967ರ ಪ್ರಬಂಧದಲ್ಲಿ ತೋರಿಸಿದವರು ನಮ್ಮ ಕೆ. ಆರ್. ಪಾರ್ಥಸಾರಥಿ, ಆರ್. ರಂಗರಾವ್ ಮತ್ತು ವಿ. ಎಸ್. ವರದರಾಜನ್.

ಕೂಡಬಹುದು, ಗುಣಿಸಬಹುದು. ಅಂಗಡಿ ಲೆಕ್ಕದಲ್ಲಿ ಸಾಲ ಬರೆದುಕೊಂಡಂತೆ ಕಳೆಯುವುದಕ್ಕೂ ಒಪ್ಪಿಬಿಟ್ಟರೆ ನಿರೂಪಣೆಗಳೆಲ್ಲ ಸೇರಿ ಒಂದು ರಿಂಗ್ ಆಗುತ್ತವೆ. ಇಲ್ಲಿ ರಿಂಗ್ ಎಂದರೆ ಉಂಗುರವಲ್ಲ, ಪೂರ್ಣಾಂಕಗಳಂತೆ ವ್ಯವಹರಿಸುವ ಲೋಕ. ಎರಡು ಮೆಟ್ಟಿಲಿನ ಏಣಿಯನ್ನು 'ಕ' ಎನ್ನಿ. ಕ² ಒಡೆದರೆ ಮೂರರದು ಮತ್ತು ಒಂದರದು. ಹಾಗಾಗಿ ಮೂರರ ಏಣಿ ಎಂದರೆ ಕ² − 1. ನಾಲ್ಕರದು ಕ³ − 2ಕ. ಐದರದು ಕ⁴ − 3ಕ² + 1. ಕ ಇದ್ದಲ್ಲಿ 2 ಹಾಕಿ ನೋಡಿ: 3, 4, 5! ಇಡೀ ಲೋಕ ಒಂದೇ ಅಕ್ಷರದಿಂದ ಬೆಳೆಯಿತು. ಈ ಬಹುಪದೋಕ್ತಿಗಳು ಚೆಬಿಷೆವ್ ಹೆಸರಿನ ಕುಟುಂಬದವು. ಆ ರಷ್ಯನ್ ಗಣಿತಜ್ಞರನ್ನು 1854ರಲ್ಲಿ ಈ ದಾರಿಗೆ ಎಳೆದದ್ದು ಉಗಿಯಂತ್ರದ ಸನ್ನೆಗಳ ಚಲನೆ. ಇ-8 ಎಂಬ ದೈತ್ಯ ಲೀ ಬೀಜಗಣಿತದ ಅತಿ ಚಿಕ್ಕ ಅರ್ಥಪೂರ್ಣ ನಿರೂಪಣೆಗೇ 248 ಆಯಾಮ (ಏಣಿಯಲ್ಲಾದರೆ ಮೆಟ್ಟಿಲುಗಳ ಎಣಿಕೆ), ಆದರೂ ಅದರ ರಿಂಗ್‌ಗೆ ಎಂಟೇ ಅಕ್ಷರ ಸಾಕು.

ಗೆಲ್-ಮನ್ ಬಳಸಿದ ಬೀಜಗಣಿತಕ್ಕೆ ಎರಡು ಅಕ್ಷರ: ಮೂರು ಆಯಾಮದ ಕ, ಅದರ ಕನ್ನಡಿಬಿಂಬ ಖ. ಗುಣಿಸಿದರೆ ಒಂಬತ್ತು, ಒಡೆದರೆ ಎಂಟು ಮತ್ತು ಒಂದು. ಆ ಎಂಟು ಎಂದರೆ ಕಖ − 1. ಕ³ ಆದರೆ 27. ಅದು 10, 8, 8, 1 ಆಗಿ ಒಡೆಯುತ್ತದೆ. ಆ ಹತ್ತರ ಗುಂಪಿನಲ್ಲಿ 1962ರ ಹೊತ್ತಿಗೆ ಪತ್ತೆಯಾದ ಕಣಗಳಿಂದ ಒಂಬತ್ತು ಸ್ಥಾನ ತುಂಬಿದ್ದವು. ಹತ್ತನೆಯದು ಇರಲೇಬೇಕು, ಅದರ ತೂಕ ಇಷ್ಟಿರಬೇಕು ಎಂದು ಗೆಲ್-ಮನ್ ಮುಂಚೆಯೇ ಹೇಳಿದರು. 1964ರ ಫೆಬ್ರವರಿಯಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದ 80 ಇಂಚಿನ ಗುಳ್ಳೆ ಕೋಣೆಯಲ್ಲಿ (ಕಣ ಸಾಗಿದ ದಾರಿ ಗುಳ್ಳೆಗಳ ಗೆರೆಯಾಗಿ ಕಾಣುವ ಸಾಧನ) ತೆಗೆದ ಚಿತ್ರವೊಂದರಲ್ಲಿ ಆ ಹತ್ತನೆಯ ಕಣದ, ಒಮೆಗಾ-ಮೈನಸ್‌ನ, ಪುಟ್ಟ ಗೆರೆ ಕಾಣಿಸಿತು.