ಖುಲಾ: ಹೆಂಡತಿ ಕೇಳಿ ಪಡೆಯುವ ಬಿಡುಗಡೆ

ತಲಾಖ್ ಎಂಬ ಪದ ಎಲ್ಲರಿಗೂ ಗೊತ್ತು. ಖುಲಾ ಅಷ್ಟಾಗಿ ಕಿವಿಗೆ ಬಿದ್ದಿರುವುದಿಲ್ಲ. ಮದುವೆಯಿಂದ ಹೊರಬರಲು ಹೆಂಡತಿಯೇ ಮುಂದಾಗುವುದು ಖುಲಾ. ಬದಲಿಗೆ ಆಕೆ ಸಾಮಾನ್ಯವಾಗಿ ತನಗೆ ಕೊಟ್ಟ ಮೆಹರ್, ಅಂದರೆ ಮದುವೆಗೆಂದು ಗಂಡ ಕೊಟ್ಟ ಹಣ ಅಥವಾ ಆಸ್ತಿ, ಹಿಂದಿರುಗಿಸುತ್ತಾಳೆ.

ಅರಬಿಯಲ್ಲಿ ಈ ಪದದ ಮೂಲಕ್ಕೆ ತೊಟ್ಟ ಬಟ್ಟೆ ಕಳಚುವುದು ಎಂಬ ಅರ್ಥವಿದೆ. ಗಂಡ ಹೆಂಡತಿ ಒಬ್ಬರಿಗೊಬ್ಬರು ಉಡುಪು ಎನ್ನುತ್ತದೆ ಕುರ್‌ಆನ್. ಆ ಉಡುಪನ್ನು ಕಳಚಿಡುವುದೇ ಖುಲಾ. ಎಷ್ಟು ಅರ್ಥವಾಗುವ ಹೋಲಿಕೆ, ಅಲ್ವಾ?

ಪ್ರವಾದಿ ಮುಹಮ್ಮದರ ನಡೆನುಡಿಗಳ ವರದಿಗೆ ಹದೀಸ್ ಎನ್ನುತ್ತಾರೆ. ಬುಖಾರಿ ಎಂಬ ವಿದ್ವಾಂಸರ ಸಂಗ್ರಹದ ಹದೀಸ್‌ನಲ್ಲಿ ಪ್ರವಾದಿಯವರ ಸಂಗಾತಿ ಸಾಬಿತ್ ಬಿನ್ ಖೈಸ್ ಅವರ ಹೆಂಡತಿಯ ಪ್ರಸಂಗ ಬರುತ್ತದೆ. ಗಂಡನ ನಡತೆಯಲ್ಲೂ ಧರ್ಮದಲ್ಲೂ ತಪ್ಪು ಹುಡುಕುತ್ತಿಲ್ಲ, ಆದರೂ ಅವರ ಜೊತೆ ಬಾಳಲಾರೆ ಎಂದು ಆಕೆ ಪ್ರವಾದಿಯವರ ಬಳಿ ಹೇಳಿದರು. ಅವನು ಕೊಟ್ಟ ತೋಟ ವಾಪಸ್ ಕೊಡ್ತೀಯಾ ಎಂದು ಪ್ರವಾದಿ ಕೇಳಿದರು. ಆಕೆ ಹೂಂ ಎಂದರು. ತೋಟ ತಗೊಂಡು ತಲಾಖ್ ಕೊಡು ಎಂದು ಪ್ರವಾದಿ ಸಾಬಿತ್‌ಗೆ ಹೇಳಿದರು. ಅಷ್ಟೇ. ಸಾಕ್ಷಿ ತಾ ಎಂದು ಆಕೆಯನ್ನು ಯಾರೂ ಕೇಳಲಿಲ್ಲ.

ಆದರೆ ಆಮೇಲೆ ಬಂದ ಹೆಚ್ಚಿನ ಧರ್ಮಪಂಡಿತರು ಖುಲಾಕ್ಕೂ ಗಂಡನ ಒಪ್ಪಿಗೆ ಬೇಕು ಎಂದರು. ಅವನು ಒಲ್ಲೆ ಎಂದರೆ ಮುಗೀತು. ಈಜಿಪ್ಟ್‌ನಲ್ಲಿ ಹಾಗೆ ಸಿಕ್ಕಿಕೊಂಡ ಹೆಂಗಸರು ಕೋರ್ಟಿಗೆ ಹೋಗಿ, ಗಂಡನಿಂದ ಆದ ತೊಂದರೆಗೆ ಪುರಾವೆ ಕೊಡಬೇಕಿತ್ತು. ನಾಲ್ಕು ಗೋಡೆಯ ಒಳಗೆ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಕೇಸು ವರ್ಷಗಟ್ಟಲೆ ಎಳೆಯುತ್ತಿತ್ತು.

2000ರಲ್ಲಿ ಅಲ್ಲಿನ ಕಾನೂನು ಬದಲಾಯಿತು. ಗಂಡ ಒಪ್ಪದಿದ್ದರೂ ಕೋರ್ಟ್ ಖುಲಾ ಕೊಡಬಹುದು ಎಂದಾಯಿತು. ಮೊದಲು ರಾಜಿ ಮಾಡಿಸಲು ನೋಡುತ್ತಾರೆ, ಹೆಚ್ಚೆಂದರೆ ಮೂರು ತಿಂಗಳು. ಆಮೇಲೆ ಬಂದ ತೀರ್ಪಿಗೆ ಮೇಲ್ಮನವಿ ಇಲ್ಲ. ಇದು ಧರ್ಮಕ್ಕೆ ವಿರುದ್ಧ ಎಂದವರಿಗೆ ಪರವಾಗಿದ್ದವರು ಅದೇ ತೋಟದ ಹದೀಸ್ ತೋರಿಸಿದರು. 2002ರಲ್ಲಿ ಸಾಂವಿಧಾನಿಕ ನ್ಯಾಯಾಲಯವೂ ಕಾನೂನನ್ನು ಎತ್ತಿಹಿಡಿಯಿತು. ಪಾಕಿಸ್ತಾನದ ಸುಪ್ರೀಂ ಕೋರ್ಟ್ 1967ರಲ್ಲೇ ಈ ದಾರಿ ತೆರೆದಿತ್ತು. ನಮ್ಮಲ್ಲಿ ಕೇರಳ ಹೈಕೋರ್ಟ್ 2021ರಲ್ಲಿ, ಕೋರ್ಟಿನ ಹೊರಗೆ ಪಡೆದ ಖುಲಾಕ್ಕೂ ಮಾನ್ಯತೆ ಇದೆ ಎಂದಿತು.

ನನಗೆ ನೋವಾಗುವುದು ಒಂದೇ ಕಡೆ. ಈಜಿಪ್ಟ್‌ನಲ್ಲಿ ಖುಲಾ ಬೇಕೆಂದರೆ ಮೆಹರ್ ಜೊತೆಗೆ ಜೀವನಾಂಶವನ್ನೂ ಬಿಡಬೇಕು. ಏಟು ತಿಂದು ಬೇಸತ್ತವಳೂ ಬೇಗ ಹೊರಬರಬೇಕೆಂದರೆ ಬರಿಗೈಯಲ್ಲೇ ಬರಬೇಕು. ಆದರೆ ಮಕ್ಕಳ ವಿಷಯದಲ್ಲಿ ಆ ಕಾನೂನು ಗಟ್ಟಿಯಾಗಿದೆ. ಮಕ್ಕಳನ್ನಾಗಲಿ, ಅವರ ಖರ್ಚಿನ ಹಣವನ್ನಾಗಲಿ ಬಿಟ್ಟುಕೊಡು, ಆಗ ಖುಲಾ ಕೊಡ್ತೀನಿ ಎಂದು ಗಂಡ ಕೇಳುವ ಹಾಗೇ ಇಲ್ಲ.