ಕಾಲಿನ ಚಡಪಡಿಕೆ: ಕಬ್ಬಿಣವನ್ನು ಬಿಟ್ಟು ಹೋಗಿ ಮತ್ತೆ ಕಬ್ಬಿಣಕ್ಕೆ

ರಾತ್ರಿ ಹಾಸಿಗೆಗೆ ಬೆನ್ನು ಕೊಟ್ಟೊಡನೆ ಮೀನಖಂಡದೊಳಗೆ ಏನೋ ಹರಿದಾಡಿದಂತಾಗುತ್ತದೆ. ಕಾಲು ಆಡಿಸದೆ ಇರಲಾಗುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದರೆ ಶಮನವಾಗುತ್ತದೆ, ಮಲಗಿದರೆ ಮತ್ತೆ ಶುರುವಾಗುತ್ತದೆ. ಕಾಲು ಸೆಳೆತವೆಂದು ಹೇಳಿ ಹಳೆಯ ಬಟ್ಟೆಯನ್ನು ಮೊಣಕಾಲ ಕೆಳಗೆ ಬಿಗಿದು ಕಟ್ಟಿಕೊಂಡು ಮಲಗುವವರು, ಮಕ್ಕಳಿಂದ ಕಾಲು ಒತ್ತಿಸಿಕೊಳ್ಳುವವರು ನಮ್ಮ ಮನೆಗಳಲ್ಲೂ ಇದ್ದಾರೆ. ವೈದ್ಯರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ಎರಡು ದಶಕ ಕಾಲ ಈ ತೊಂದರೆಗೆ ಮೊದಲ ಆಯ್ಕೆಯಾಗಿದ್ದ ರೋಪಿನಿರೋಲ್, ಪ್ರಾಮಿಪೆಕ್ಸೋಲ್‌ನಂಥ ಮಾತ್ರೆಗಳನ್ನು ವಾಡಿಕೆಯಾಗಿ ಕೊಡುವುದು ಬೇಡವೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2025ರ ಮಾರ್ಗಸೂಚಿಯಲ್ಲಿ ಹೇಳಿದ ಮೇಲೆ, ಅವನ್ನೇ ನುಂಗುತ್ತಿರುವವರಿಗೆ ಯಾವುದನ್ನು ನಂಬಬೇಕೆಂಬುದು ತಿಳಿಯದಂತಾಗಿದೆ.

ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1672ರಲ್ಲಿ ಈ ಚಡಪಡಿಕೆಯನ್ನು ದಾಖಲಿಸಿದ ಮೇಲೆ ಸುಮಾರು ಮುನ್ನೂರು ವರ್ಷ ಇದನ್ನು ಬಹುಪಾಲು ಮನಸ್ಸಿನ ಕಾಯಿಲೆಯೆಂದೇ ಬದಿಗಿಡಲಾಯಿತು. ಇದಕ್ಕೆ ಈಗಿನ ಹೆಸರನ್ನು ಕೊಟ್ಟವರು ಸ್ವೀಡನ್ನಿನ ನರವೈದ್ಯ ಕಾರ್ಲ್-ಆಕ್ಸೆಲ್ ಎಕ್‌ಬಾಮ್; ಅವರ ಪ್ರಬಂಧ 1945ರದು. ಕೆಲವೇ ವರ್ಷಗಳಲ್ಲಿ, 1953ರಲ್ಲಿ, ಅದೇ ದೇಶದ ನಾರ್ಡ್‌ಲ್ಯಾಂಡರ್ ರೋಗಿಗಳ ರಕ್ತನಾಳಕ್ಕೆ ಕಬ್ಬಿಣದ ಚುಚ್ಚುಮದ್ದು ಕೊಟ್ಟು, ಅವರಲ್ಲಿ ಹೆಚ್ಚಿನವರಿಗೆ ಗುಣ ಕಂಡಿತೆಂದು ವರದಿ ಮಾಡಿದರು. ಈ ಸುಳಿವನ್ನು ಆಗಲೇ ಗಟ್ಟಿಯಾಗಿ ಹಿಡಿದಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತೇನೋ. ಆದರೆ ಅಂದಿನ ಕಬ್ಬಿಣದ ಚುಚ್ಚುಮದ್ದುಗಳು ತೀವ್ರ ಅಲರ್ಜಿಯ ಅಪಾಯವನ್ನೂ ತರುತ್ತಿದ್ದವು.

1982ರಲ್ಲಿ ಟರ್ಕಿಯ ಅಕ್ಪಿನಾರ್ ಅವರು ಪಾರ್ಕಿನ್ಸನ್ ರೋಗಕ್ಕೆ ಬಳಸುವ ಲೆವೊಡೋಪಾ ಮಾತ್ರೆ ಇಲ್ಲೂ ಫಲ ಕೊಡುತ್ತದೆಂದು ತೋರಿಸಿದಾಗ ಸಂಶೋಧನೆ ದಿಕ್ಕು ಬದಲಿಸಿತು. ವರ್ಷಗಟ್ಟಲೆ ನಿದ್ದೆಗೆಟ್ಟವರು ಮಾತ್ರೆ ನುಂಗಿದ ಮೊದಲ ರಾತ್ರಿಯೇ ಮಲಗಿದರು. ಆ ಪರಿಹಾರ ನಿಜವಾದದ್ದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಲೆವೊಡೋಪಾ ಮಿದುಳಿನಲ್ಲಿ ಡೋಪಮೈನ್ ಎಂಬ, ನರಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕವಾಗಿ ಮಾರ್ಪಡುತ್ತದೆ; ಆ ಡೋಪಮೈನ್‌ನಂತೆ ವರ್ತಿಸುವ ಹೊಸ ಔಷಧಗಳು ಇದರ ಬೆನ್ನಿಗೇ ಬಂದವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಕಾಯಿಲೆಗೆಂದು 2005ರಲ್ಲಿ ರೋಪಿನಿರೋಲ್‌ಗೂ 2006ರಲ್ಲಿ ಪ್ರಾಮಿಪೆಕ್ಸೋಲ್‌ಗೂ ಒಪ್ಪಿಗೆ ನೀಡಿತು.

ತೊಡಕು ಇರುವುದು ಇಲ್ಲಿಯೇ. ರಾತ್ರಿ ಹತ್ತಕ್ಕೆ ಕಾಣಿಸಿಕೊಳ್ಳುತ್ತಿದ್ದ ಚಡಪಡಿಕೆ ಮಾತ್ರೆಯಿಂದ ಅಡಗಿ, ವರ್ಷ ಎರಡು ವರ್ಷ ಕಳೆಯುವಷ್ಟರಲ್ಲಿ ಸಂಜೆ ಆರಕ್ಕೇ ಬರತೊಡಗುತ್ತದೆ. ಪ್ರಮಾಣ ಹೆಚ್ಚಿಸಿದರೆ ಕೆಲವು ತಿಂಗಳು ನೆಮ್ಮದಿ. ಆಮೇಲೆ ಮಧ್ಯಾಹ್ನ ಬಸ್ಸಿನಲ್ಲಿ ಕೂತಾಗಲೂ ಕಾಲು ಜಗ್ಗುತ್ತದೆ, ಕಾಲಿಗಷ್ಟೇ ಇದ್ದದ್ದು ತೋಳಿಗೂ ಹಬ್ಬುತ್ತದೆ. ಕಾಯಿಲೆ ಬೆಳೆಯುತ್ತಿದೆಯೆಂದು ತಿಳಿದ ವೈದ್ಯರು ಇನ್ನಷ್ಟು ಮಾತ್ರೆ ಬರೆಯುತ್ತಾರೆ, ಬೆಳೆಸುತ್ತಿರುವುದೇ ಆ ಮಾತ್ರೆ. ಆಗ್ಮೆಂಟೇಶನ್ ಎಂಬ ಹೆಸರಿನ ಈ ವಿದ್ಯಮಾನವನ್ನು ಅಮೆರಿಕದ ಸಂಶೋಧಕರಾದ ಅಲೆನ್ ಮತ್ತು ಅರ್ಲಿ 1996ರಲ್ಲೇ ವಿವರಿಸಿದ್ದರು. ಅವರು ನೋಡಿದ, ಲೆವೊಡೋಪಾ ಸೇವಿಸುತ್ತಿದ್ದ ಈ ಕಾಯಿಲೆಯವರಲ್ಲಿ ಶೇ 82ರಷ್ಟು ಮಂದಿಗೆ ಅದು ಕಾಣಿಸಿಕೊಂಡಿತ್ತು. ಹೊಸ ಔಷಧಗಳಲ್ಲಿ ಇದು ನಿಧಾನವಾಗಿ ಬರುತ್ತದೆ, ಆದ್ದರಿಂದಲೇ ಕಣ್ಣಿಗೆ ಬೀಳಲು ತಡವಾಯಿತು. ಒಪ್ಪಿಗೆಗೆ ಆಧಾರವಾದ ಪ್ರಮುಖ ಪ್ರಯೋಗಗಳು ಹೆಚ್ಚಾಗಿ 12 ವಾರಗಳವು, ರೋಗಿ ಮಾತ್ರೆ ನುಂಗುವುದು ಹತ್ತಾರು ವರ್ಷ. ಜೊತೆಗೆ ಜೂಜು, ಮಿತಿಯಿಲ್ಲದ ಖರೀದಿಯಂಥ ಹತೋಟಿ ತಪ್ಪಿದ ನಡವಳಿಕೆಗಳೂ ಕೆಲವರಲ್ಲಿ ವರದಿಯಾದವು. 719 ಮಂದಿಯನ್ನು ಒಳಗೊಂಡು 52 ವಾರ ನಡೆದ ಪ್ರಯೋಗವೊಂದು ಪ್ರಕಟವಾದದ್ದು 2014ರಲ್ಲಿ. ಡೋಪಮೈನ್ ಗುಂಪಿಗೆ ಸೇರದ, ನರನೋವಿಗೆ ಕೊಡುವ ಪ್ರಿಗ್ಯಾಬಲಿನ್ ಪಡೆದವರಲ್ಲಿ ಶೇ 2.1ರಷ್ಟು ಮಂದಿಗೆ ಆಗ್ಮೆಂಟೇಶನ್ ಆಗಿದ್ದರೆ, ಪ್ರಾಮಿಪೆಕ್ಸೋಲ್‌ನ 0.5 ಮಿಲಿಗ್ರಾಂ ಪಡೆದವರಲ್ಲಿ ಅದು ಶೇ 7.7 ಇತ್ತು. ಅದೂ ಒಂದೇ ವರ್ಷದ ಲೆಕ್ಕ.

ಈ ನಡುವೆ ಮಿದುಳಿನ ದ್ರವವನ್ನೂ ಮೃತರ ಮಿದುಳನ್ನೂ ಪರೀಕ್ಷಿಸಿದವರು ಕಬ್ಬಿಣದ ಹಳೆಯ ಸುಳಿವನ್ನು ಮತ್ತೆ ಕೈಗೆತ್ತಿಕೊಂಡಿದ್ದರು. ರಕ್ತದಲ್ಲಿ ಕಬ್ಬಿಣ ಸರಿಯಾಗಿದ್ದರೂ ಈ ಕಾಯಿಲೆಯವರ ಮಿದುಳಿನಲ್ಲಿ ಅದು ಕಡಿಮೆಯಿರಬಹುದೆಂದು ಗೊತ್ತಾಯಿತು. ಡೋಪಮೈನ್ ತಯಾರಾಗಲು ಬೇಕಾದ ಕಿಣ್ವಕ್ಕೆ ಕಬ್ಬಿಣವೇ ಆಧಾರ. 2025ರ ಮಾರ್ಗಸೂಚಿ ರಕ್ತನಾಳದ ಮೂಲಕ ಕೊಡುವ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣದ ಔಷಧ, ಗ್ಯಾಬಾಪೆಂಟಿನ್ ಮತ್ತು ಅದೇ ಬಗೆಯ ಪ್ರಿಗ್ಯಾಬಲಿನ್‌ಗಳನ್ನು ಮುಂದಕ್ಕೆ ತಂದಿದೆ. ಇವಕ್ಕೂ ಅಡ್ಡಪರಿಣಾಮಗಳಿವೆ, ಕೊನೆಯ ಎರಡರಲ್ಲಿ ಮಂಪರು, ತಲೆಸುತ್ತು, ತೂಕ ಏರಿಕೆ ಸಾಮಾನ್ಯ. ಹಳೆಯ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ತೊಂದರೆ ಉಲ್ಬಣಿಸುವುದರಿಂದ, ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಇಳಿಸಬೇಕಾಗುತ್ತದೆ.

ನಮ್ಮಲ್ಲಿ ಈ ಚರ್ಚೆಗೆ ಬೇರೆಯೇ ತೂಕವಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಗರ್ಭಿಣಿಯರಲ್ಲೂ ಮೂತ್ರಪಿಂಡದ ಕಾಯಿಲೆಯವರಲ್ಲೂ ಈ ಚಡಪಡಿಕೆ ಹೆಚ್ಚು. ಆದರೂ ಕಾಲು ಸೆಳೆತವೆಂದು ಬಂದವರಿಗೆ ಹಿಮೋಗ್ಲೋಬಿನ್ ನೋಡಿ ಕಳುಹಿಸುವುದೇ ರೂಢಿಯಾಗಿದೆ, ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆಯೆಂದು ಹೇಳುವ ಫೆರಿಟಿನ್ ಪರೀಕ್ಷೆಯನ್ನು ಬರೆಯುವುದು ಅಪರೂಪ. ಬರೆದರೂ, ಹಲವು ಪ್ರಯೋಗಾಲಯಗಳ ವರದಿಗಳಲ್ಲಿ ಮಹಿಳೆಯರ 'ಸಾಮಾನ್ಯ' ಮಟ್ಟ ಮಿಲಿಲೀಟರಿಗೆ 15 ನ್ಯಾನೋಗ್ರಾಂ ಆಸುಪಾಸಿನಿಂದಲೇ ಆರಂಭವಾಗುತ್ತದೆ. ಈ ಕಾಯಿಲೆಯ ವಯಸ್ಕರಿಗೆ ಫೆರಿಟಿನ್ 75 ಅಥವಾ ಅದಕ್ಕಿಂತ ಕೆಳಗಿದ್ದರೆ ಕಬ್ಬಿಣ ಕೊಡಬೇಕೆಂಬುದು ಹೊಸ ಮಾರ್ಗಸೂಚಿಯ ಸಲಹೆ. ಫೆರಿಟಿನ್ 22 ಇರುವ ಹೆಂಗಸಿನ ವರದಿಯಲ್ಲಿ ಯಾವ ಕೆಂಪು ಗುರುತೂ ಇರುವುದಿಲ್ಲ, ಎಲ್ಲ ಸರಿಯಿದೆಯೆಂದು ಕೇಳಿಸಿಕೊಂಡು ಆಕೆ ಮನೆಗೆ ಮರಳುತ್ತಾಳೆ, ಆ ರಾತ್ರಿಯೂ ಮೊಣಕಾಲ ಕೆಳಗೆ ಬಟ್ಟೆ ಕಟ್ಟಿಕೊಳ್ಳುತ್ತಾಳೆ.