ರೈಲು ನಿಂತರೆ ಹಳಿ ನೋಡಿ, ನಿಲ್ಲದಿದ್ದರೆ ರೇಡಿಯೋ ನೋಡಿ

ಮನೆಯಲ್ಲಿ ಮಾಡೆಲ್ ರೈಲಿನ ಲೇಔಟ್ ಕಟ್ಟಿಕೊಂಡವರು ನನಗೆ ಫೋನ್ ಮಾಡಿದಾಗ ಹೆಚ್ಚಾಗಿ ಕೇಳುವುದು ಒಂದೇ ಮಾತು. "ಸಿಗ್ನಲ್ ಸಿಗ್ತಿಲ್ಲ, ದೊಡ್ಡ ಆಂಟೆನಾ ಹಾಕಿಸಬೇಕಾ?" ಆಂಟೆನಾ ವಿಷಯ ಆಮೇಲೆ. ಮೊದಲು ನಾನು ಕೇಳುವುದು ಇಷ್ಟೇ: ತೊಂದರೆ ಬಂದಾಗ ಇಂಜಿನ್ ಏನು ಮಾಡುತ್ತದೆ? ತಾನಾಗಿ ನಿಂತುಬಿಡುತ್ತದೋ, ಇಲ್ಲ ನಿಲ್ಲಿಸಲು ಹೋದರೂ ಓಡುತ್ತಲೇ ಇರುತ್ತದೋ?

ಈ ಪ್ರಶ್ನೆ ಯಾಕೆ ಮುಖ್ಯ ಅಂದರೆ, ಡಿಸಿಸಿ (ಹಳಿಯ ಮೂಲಕ ಡಿಜಿಟಲ್ ಆಜ್ಞೆ ಕಳಿಸಿ ರೈಲು ಓಡಿಸುವ) ಪದ್ಧತಿಯಲ್ಲಿ ನಿಮ್ಮ ಕೈಯಲ್ಲಿರುವ ಥ್ರಾಟಲ್, ಅಂದರೆ ವೇಗ ಹೆಚ್ಚುಕಡಿಮೆ ಮಾಡುವ ಸಾಧನ, ಇಂಜಿನ್ ಜೊತೆ ನೇರವಾಗಿ ಮಾತಾಡುವುದಿಲ್ಲ. ಥ್ರಾಟಲ್‌ನಿಂದ ಕಮಾಂಡ್ ಸ್ಟೇಷನ್ ಎಂಬ, ಆಜ್ಞೆಯನ್ನು ಹಳಿಗೆ ಕಳಿಸುವ ಪೆಟ್ಟಿಗೆಯವರೆಗೆ ಮಾತ್ರ ರೇಡಿಯೋ. ಅಲ್ಲಿಂದ ಮುಂದಿನದೆಲ್ಲ ವೈರು, ಹಳಿ, ಚಕ್ರ, ಕೊನೆಗೆ ಇಂಜಿನ್ ಒಳಗೆ ಆ ಆಜ್ಞೆ ಓದುವ ಡಿಕೋಡರ್. ಹಳಿಗೆ ಕೊಡುವ ಕರೆಂಟೇ ಸಂದೇಶವನ್ನೂ ಹೊತ್ತು ಹೋಗುತ್ತದೆ. ವೋಲ್ಟೇಜ್ 58 ಮೈಕ್ರೋಸೆಕೆಂಡಿಗೆ ದಿಕ್ಕು ಬದಲಿಸಿದರೆ ಸಂದೇಶದಲ್ಲಿ ಅದು 1 ಅಂತ; 100 ಅಥವಾ ಅದಕ್ಕಿಂತ ಜಾಸ್ತಿ ಮೈಕ್ರೋಸೆಕೆಂಡ್ ತೆಗೆದುಕೊಂಡರೆ 0. ಕಮಾಂಡ್ ಸ್ಟೇಷನ್ ತನಗೆ ಬಂದ ಕೊನೆಯ ಆಜ್ಞೆಯನ್ನು ಹಳಿಗೆ ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ. ಅಂದರೆ ರೇಡಿಯೋ ಕಡಿದುಹೋದರೂ ಇಂಜಿನ್ ಹಳೇ ವೇಗದಲ್ಲೇ ಓಡುತ್ತದೆ, ನೀವು ನಾಬ್ ತಿರುಗಿಸಿದರೆ ಕೇಳುವುದಿಲ್ಲ ಅಷ್ಟೇ. ತಡೆದು ತಡೆದು ಓಡುವುದು, ಹಳಿ ಕವಲೊಡೆಯುವ ಪಾಯಿಂಟ್ ಮೇಲೆ ನಿಲ್ಲುವುದು, ಬೆರಳಲ್ಲಿ ತಳ್ಳಿದರೆ ಮತ್ತೆ ಹೊರಡುವುದು, ಇದಕ್ಕೂ ರೇಡಿಯೋಗೂ ಸಂಬಂಧವೇ ಇಲ್ಲ.

ವೈಫೈ ಬಳಸುವವರಿಗೆ ಮಾತ್ರ ಇಲ್ಲಿ ಒಂದು ತೊಡಕಿದೆ. ಕಂಪ್ಯೂಟರಿನಿಂದ ಲೇಔಟ್ ನಡೆಸುವ ಜೆಎಂಆರ್‌ಐ ತಂತ್ರಾಂಶದ ಜೊತೆ ಫೋನನ್ನೇ ಥ್ರಾಟಲ್ ಮಾಡಿಕೊಂಡಾಗ, ಫೋನು ಆಗಾಗ "ಇದ್ದೇನೆ" ಅಂತ ಸರ್ವರ್‌ಗೆ ಹೇಳುತ್ತಿರಬೇಕು. ಸಾಮಾನ್ಯವಾಗಿ 10 ಸೆಕೆಂಡ್ ಸದ್ದಿಲ್ಲದಿದ್ದರೆ ಸರ್ವರ್ ತಾನೇ ಇಂಜಿನ್ ನಿಲ್ಲಿಸಿಬಿಡುತ್ತದೆ. ಒಳ್ಳೆಯ ವ್ಯವಸ್ಥೆ ಅದು, ಆಫ್ ಮಾಡಬೇಡಿ. ಆದರೆ ಈಗ ನಿಂತದ್ದು ಹಳಿಯಿಂದಲೋ ರೇಡಿಯೋದಿಂದಲೋ ಹೇಗೆ ಗೊತ್ತಾಗಬೇಕು? ಹೆಡ್‌ಲೈಟ್ ನೋಡಿ. ಲೈಟು ಮಿನುಗಿ ನಿಂತರೆ, ಅಥವಾ ಸೌಂಡ್ ಡಿಕೋಡರ್ ಮತ್ತೆ ಮೊದಲಿಂದ ಇಂಜಿನ್ ಸ್ಟಾರ್ಟ್ ಆಗುವ ಸದ್ದು ಶುರು ಮಾಡಿದರೆ, ಕರೆಂಟೇ ತಪ್ಪಿದೆ ಅಂತ ಅರ್ಥ. ಲೈಟು ಚೆನ್ನಾಗಿ ಉರಿಯುತ್ತಿದ್ದು, ಸದ್ದೂ ಸರಿಯಾಗಿದ್ದು, ಗಾಡಿ ಮಾತ್ರ ನಿಂತಿದ್ದರೆ ಫೋನಿನ ಕೊಂಡಿ ಕಡಿದಿದೆ.

ಇನ್ನೂ ಅನುಮಾನ ಇದ್ದರೆ ರೇಡಿಯೋವನ್ನೇ ಪಕ್ಕಕ್ಕಿಡಿ. ಥ್ರಾಟಲ್‌ಗೆ ಕೇಬಲ್ ಚುಚ್ಚಿ ಓಡಿಸಿ. ವೈಫೈ ಮಾತ್ರ ಇದ್ದರೆ ಕಂಪ್ಯೂಟರಿನ ಪರದೆಯಲ್ಲೇ ಥ್ರಾಟಲ್ ಕಿಟಕಿ ತೆರೆದು ಮೌಸ್‌ನಲ್ಲಿ ಓಡಿಸಿ. ಅದೇ ಜಾಗದಲ್ಲಿ ಅದೇ ತೊಂದರೆ ಬಂತು ಅಂದರೆ ಆಂಟೆನಾಗೆ ಖರ್ಚು ಮಾಡಬೇಡಿ.

ಹಳಿಯ ಕಡೆಯ ಕೆಲಸ ಗೊತ್ತಿರುವಂಥದ್ದೇ, ಬೇಗ ಹೇಳಿಬಿಡುತ್ತೇನೆ. ಹಳಿ ಒರೆಸುವವರು ಬಹಳ, ಚಕ್ರ ಒರೆಸುವವರು ಕಡಿಮೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡನ್ನೂ ಒರೆಸಿ. ಲೇಔಟ್ ಹಲಗೆಯ ಕೆಳಗೆ ಹಳಿಗೆ ಕರೆಂಟ್ ಒಯ್ಯುವ ಮುಖ್ಯ ಲೈನಿಗೆ ಮನೆ ವೈರಿಂಗ್‌ನ 2.5 ಚದರ ಮಿಲಿಮೀಟರ್ ತಾಮ್ರದ ವೈರು ಸಾಕು. ಹಳಿಯ ತುಂಡುಗಳನ್ನು ಕೂಡಿಸುವ ಜಾಯಿಂಟರ್‌ಗಳನ್ನು ನಂಬದೆ ಪ್ರತಿ ತುಂಡಿಗೂ ಮುಖ್ಯ ಲೈನಿನಿಂದ ಫೀಡರ್ ವೈರು ಬೆಸೆಯಿರಿ. ಆಮೇಲೆ ಲೇಔಟ್‌ನ ಮೂಲೆಮೂಲೆಯಲ್ಲೂ ಒಂದು ನಾಣ್ಯವನ್ನು ಎರಡೂ ಹಳಿಗೆ ತಾಗುವಂತೆ ಇಡಿ. ಪ್ರತಿ ಸಲವೂ ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ತಕ್ಷಣ ಟ್ರಿಪ್ ಆಗಬೇಕು. ಆಗದ ಜಾಗದಲ್ಲಿ ವೈರಿಂಗ್ ಬಡವಾಗಿದೆ. ನಾಣ್ಯವನ್ನು ಅಲ್ಲೇ ಬಿಡಬೇಡಿ, ಬಿಸಿಯಾಗಿ ಸ್ಲೀಪರ್ ಕರಗುತ್ತದೆ.

ಈಗ ರೇಡಿಯೋ ಕಡೆಗೆ ಬರೋಣ. ಮೊದಲು ಬ್ಯಾಟರಿ. ಆಲ್ಕಲೈನ್ ಸೆಲ್ 1.5 ವೋಲ್ಟ್, ರೀಚಾರ್ಜ್ ಮಾಡುವ ನಿಕಲ್ ಸೆಲ್ 1.2 ವೋಲ್ಟ್. ಥ್ರಾಟಲ್‌ನ ಸೆಟ್ಟಿಂಗ್‌ನಲ್ಲಿ ಸೆಲ್ ಯಾವುದು ಅಂತ ಹೇಳದಿದ್ದರೆ ಅದು ತೋರಿಸುವ ಬ್ಯಾಟರಿ ಮಟ್ಟ ಸುಳ್ಳಾಗಿರುತ್ತದೆ. ಹತ್ತಿರ ನಿಂತರೆ ಕೆಲಸ ಮಾಡುತ್ತದೆ, ಕೋಣೆಯ ಆ ತುದಿಗೆ ಹೋದರೆ ಇಲ್ಲ ಅನ್ನುವವರು ಹೊಸ ಸೆಲ್ ಹಾಕಿ ನೋಡಿದ ಮೇಲೆ ಮುಂದಿನ ಮಾತು.

ಆಮೇಲೆ ಬೇಸ್, ಅಂದರೆ ಥ್ರಾಟಲ್‌ನ ರೇಡಿಯೋ ಮಾತು ಕೇಳಿಸಿಕೊಳ್ಳುವ ಪೆಟ್ಟಿಗೆ, ಇಟ್ಟ ಜಾಗ. ಬಹಳ ಜನ ಕಮಾಂಡ್ ಸ್ಟೇಷನ್ನನ್ನೂ ರೇಡಿಯೋ ಬೇಸನ್ನೂ ಪ್ಲೈವುಡ್ ಕೆಳಗೆ ಸ್ಕ್ರೂ ಮಾಡಿ ಅಡಗಿಸಿಡುತ್ತಾರೆ. ನೋಡಲು ಅಂದವೇನೋ ಹೌದು. ಆದರೆ ಅಲ್ಲಿ ಸುತ್ತ ವೈರು, ಕಬ್ಬಿಣದ ಕಾಲು, ಎದುರಿಗೆ ನಿಂತವರ ಸೊಂಟ. ಮನುಷ್ಯನ ದೇಹದಲ್ಲಿ ನೀರೇ ಜಾಸ್ತಿ, 2.4 ಗಿಗಾಹರ್ಟ್ಜ್ ಅಲೆಯನ್ನು ಅದು ಚೆನ್ನಾಗಿಯೇ ಹೀರಿಕೊಳ್ಳುತ್ತದೆ. ಬೇಸನ್ನು ನಿಂತವರ ತಲೆಗಿಂತ ಮೇಲೆ, ಗೋಡೆಗೋ ಕಂಬಕ್ಕೋ ಹಾಕಿ. ಕಡ್ಡಿ ಆಂಟೆನಾ ನೆಟ್ಟಗೆ ನಿಲ್ಲಲಿ. ಅದರ ತುದಿ ತೋರಿಸುವ ದಿಕ್ಕಿನಲ್ಲೇ ಸಿಗ್ನಲ್ ಅತಿ ಕಡಿಮೆ, ಹಾಗಾಗಿ ತುದಿಯನ್ನು ಓಡಿಸುವವರ ಕಡೆ ತಿರುಗಿಸಬೇಡಿ. ದೂರ ಆದರೆ ಆಂಟೆನಾ ಕೇಬಲ್ ಉದ್ದ ಮಾಡಬೇಡಿ, ತೆಳು ಕೇಬಲ್‌ನಲ್ಲಿ ಈ ಫ್ರೀಕ್ವೆನ್ಸಿ ಬೇಗ ಸೋರಿಹೋಗುತ್ತದೆ. ಡೇಟಾ ಕೇಬಲ್ ಉದ್ದ ಮಾಡಿ, ಬೇಸನ್ನೇ ಒಯ್ಯಿರಿ.

ಯಲಹಂಕದ ಒಂದು ಮನೆಯ ಮಹಡಿ ಕೋಣೆಯ ಲೇಔಟ್ ಬಗ್ಗೆ ಹೇಳಬೇಕು. ಎಚ್‌ಒ ಸ್ಕೇಲ್ (ನಿಜ ರೈಲಿನ 87ರಲ್ಲಿ ಒಂದು ಪಾಲು), ಸೊಗಸಾದ ಘಾಟಿ ದೃಶ್ಯ. ಗುಡ್ಡದ ಹಿಂದಿನ ಯಾರ್ಡ್‌ನಲ್ಲಿ ನಿಂತರೆ ಫೋನಿನ ಥ್ರಾಟಲ್ ಸುಮ್ನೆ ಕೂತುಬಿಡುತ್ತಿತ್ತು. ಮನೆಯವರಿಗೆ ವೈಫೈ ಮೇಲೆ ಅನುಮಾನ, ಬೇರೆ ರೂಟರ್ ಕೂಡ ತಂದಿದ್ದರು. ಗುಡ್ಡವನ್ನು ಬೆರಳಲ್ಲಿ ತಟ್ಟಿ ನೋಡಿದರೆ ಒಳಗೆ ಕೋಳಿ ಜಾಲರಿ, ಮೇಲೆ ಪ್ಲಾಸ್ಟರ್. 2.4 ಗಿಗಾಹರ್ಟ್ಜ್ ಅಲೆಯ ಉದ್ದ 12.5 ಸೆಂಟಿಮೀಟರ್. ಜಾಲರಿಯ ಕಣ್ಣು ಒಂದೂವರೆ ಸೆಂಟಿಮೀಟರ್ ಕೂಡ ಇರಲಿಲ್ಲ. ಅಷ್ಟು ಸಣ್ಣ ಕಣ್ಣಿನ ಜಾಲರಿ ಈ ಅಲೆಗೆ ಹೆಚ್ಚುಕಡಿಮೆ ತಗಡಿನ ಗೋಡೆಯೇ. ವೈಫೈ ಕೊಡುವ ಬೇಸ್ ಗುಡ್ಡದ ಈಚೆ ಕೆಳಗೆ, ಓಡಿಸುವವರು ಆಚೆ.

ಬೇಸ್ ಮೇಲೆತ್ತಿದ ಮೇಲೆ ಸುಧಾರಿಸಿತು. ಆದರೂ ನಡುನಡುವೆ ಕೈಕೊಡುತ್ತಿತ್ತು. ಅಲ್ಲಿ ಜೆಎಂಆರ್‌ಐ ಓಡುತ್ತಿದ್ದದ್ದು ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ, ವೈಫೈ ಕೊಡುತ್ತಿದ್ದದ್ದೂ ಅದೇ ಪೈ. ಅದರ ನೀಲಿ ಯುಎಸ್‌ಬಿ ಪೋರ್ಟ್‌ಗೆ ಒಂದು ಎಸ್‌ಎಸ್‌ಡಿ ಚುಚ್ಚಿ, ಗಿಡ್ಡ ಕೇಬಲ್‌ನಲ್ಲಿ ಬೋರ್ಡಿಗೇ ಅಂಟಿಸಿದ್ದರು. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಜ್ ಸುತ್ತಲೇ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಬರೆದು ಹೇಳಿದೆ. ಡ್ರೈವನ್ನು ಕಪ್ಪು ಪೋರ್ಟ್‌ಗೆ, ಅಂದರೆ ಯುಎಸ್‌ಬಿ 2ಕ್ಕೆ ಬದಲಿಸಿದೆವು. ಫೋನು ಮತ್ತೆ ಕೈಕೊಡಲಿಲ್ಲ. ರೈಲು ಓಡಿಸಲು ಆ ವೇಗದ ಪೋರ್ಟ್ ಬೇಕಾಗಿಯೂ ಇಲ್ಲ, ಅಲ್ವಾ?

ಫೋನಿನ ಜಾಣತನದಿಂದಲೂ ತೊಂದರೆ ಆಗುತ್ತದೆ. ಲೇಔಟ್‌ನ ವೈಫೈಗೆ ಇಂಟರ್ನೆಟ್ ಇರುವುದಿಲ್ಲ. ಅದು ಗೊತ್ತಾದ ಕೂಡಲೇ ಫೋನು ನಿಮಗೆ ಹೇಳದೆ ಮೊಬೈಲ್ ಡೇಟಾಗೋ ಮನೆಯ ವೈಫೈಗೋ ಹಾರಿಬಿಡುತ್ತದೆ. ಫ್ಲೈಟ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಿ. ಥ್ರಾಟಲ್ ಆಪ್‌ಗೆ ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಿಂದ ವಿನಾಯಿತಿ ಕೊಡಿ. ಸಾಧ್ಯವಾದರೆ ಹಳೇ ಫೋನ್ ಒಂದನ್ನು ಸಿಮ್ ತೆಗೆದು ರೈಲಿಗೇ ಮೀಸಲಿಡಿ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲರ ರೂಟರ್‌ಗಳೂ 2.4ರಲ್ಲೇ ಕೂಗಾಡುತ್ತಿರುತ್ತವೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಅಂದರೆ 1, 6, 11, ಈ ಮೂರೇ. ಫೋನಿನಲ್ಲಿ ವೈಫೈ ಅನಲೈಸರ್ ಹಾಕಿಕೊಂಡು, ಕಡಿಮೆ ಜನ ಇರುವ ಚಾನೆಲ್‌ಗೆ ಲೇಔಟ್‌ನ ರೂಟರನ್ನು ಕಟ್ಟಿಹಾಕಿ. ಅಗಲ 20 ಮೆಗಾಹರ್ಟ್ಜ್ ಇರಲಿ, 40 ಬೇಡ. ಮನೆಯಲ್ಲಿ ಸಿನಿಮಾ ನೋಡುವ ಫೋನು, ಟಿವಿ 5 ಗಿಗಾಹರ್ಟ್ಜ್‌ಗೆ ಹೋಗಲಿ. ಡಿಸಿಸಿ-ಇಎಕ್ಸ್ (ತಾವೇ ಕಟ್ಟಿಕೊಳ್ಳುವ ಕಮಾಂಡ್ ಸ್ಟೇಷನ್) ಬಳಸುವವರ ಇಎಸ್‌ಪಿ32 ವೈಫೈ ಬೋರ್ಡ್‌ಗೆ 5 ಗಿಗಾಹರ್ಟ್ಜ್ ಕಾಣಿಸುವುದೇ ಇಲ್ಲ. "ರೂಟರ್ ಹೊಸದು, ಆದರೂ ಕನೆಕ್ಟ್ ಆಗ್ತಿಲ್ಲ" ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಕೊಳ್ಳುವ ಮೊದಲು ಇನ್ನೊಂದು ವಿಷಯ. ಅಮೆರಿಕದ ಕೆಲವು ಥ್ರಾಟಲ್‌ಗಳು 916 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಅದಕ್ಕೆ ಲೈಸೆನ್ಸ್ ಬೇಡ. ನಮ್ಮಲ್ಲಿ ಇಂಥ ಥ್ರಾಟಲ್‌ಗೆ ಲೈಸೆನ್ಸ್ ಇಲ್ಲದೆ ಒದಗುವ ಫ್ರೀಕ್ವೆನ್ಸಿ ಪಟ್ಟಿಗಳಲ್ಲಿ 865ರಿಂದ 868 ಮೆಗಾಹರ್ಟ್ಜ್ ಮತ್ತು 2.4 ಗಿಗಾಹರ್ಟ್ಜ್ ಇವೆ. 916 ಅದರಲ್ಲಿಲ್ಲ, ಮೊಬೈಲ್ ಫೋನ್‌ಗಳು ಟವರ್‌ಗೆ ಕಳಿಸುವ 915ರ ಅಂಚಿಗೇ ಅದು ತಾಗಿಕೊಂಡಿದೆ. ವಿದೇಶದಲ್ಲಿರುವ ನೆಂಟರಿಂದ ತರಿಸುವವರು ಡಬ್ಬಿಯ ಮೇಲಿನ ಫ್ರೀಕ್ವೆನ್ಸಿ ಓದಿಸಿಕೊಂಡೇ ಹಣ ಕೊಡಿ.

ಪ್ರದರ್ಶನಕ್ಕೆ ಲೇಔಟ್ ಒಯ್ಯುವವರಿಗೆ ಇದೆಲ್ಲ ಒಟ್ಟಿಗೇ ಎದುರಾಗುತ್ತದೆ. ಬೆಳಗ್ಗೆ ಖಾಲಿ ಹಾಲ್‌ನಲ್ಲಿ ಎಲ್ಲ ಚೆನ್ನಾಗಿ ಓಡುತ್ತದೆ. ಮಧ್ಯಾಹ್ನ ಜನ ತುಂಬಿದ ಮೇಲೆ ಅಷ್ಟೂ ದೇಹ, ಅಷ್ಟೂ ಫೋನ್, ಅದರಲ್ಲಿ ಕೆಲವರ ಹಾಟ್‌ಸ್ಪಾಟ್. ಹಾಗಾಗಿ ಪರೀಕ್ಷೆಯನ್ನು ಜನ ಇರುವಾಗಲೇ ಮಾಡಿ. ಮಕ್ಕಳು ಹಳಿಗೆ ಕೈ ಚಾಚುವ ಜಾಗ ಅದು. ಓಡುತ್ತಿರುವ ರೈಲು ಮಾತು ಕೇಳದಿದ್ದಾಗ ನಿಲ್ಲಿಸಲು, ಕೇಬಲ್ ಚುಚ್ಚಿದ ಒಂದು ಥ್ರಾಟಲ್ ಮೇಜಿನ ಮೇಲೆ ಕೈಗೆಟುಕುವಂತೆ ಇರಲಿ, ಹಳಿಯ ಕರೆಂಟ್ ಕತ್ತರಿಸುವ ಸ್ವಿಚ್ ಅದರ ಪಕ್ಕದಲ್ಲೇ ಇರಲಿ.